ಬೇಕಾದೀತು ಮಾವ

ನಮ್ಮ ಬೀದಿಯ ಬೇಕಾದೀತು ಮಾವನ ಮನೆಗೆ ಹೋಗುವವರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕಿತ್ತು. ಒಂದು ಕಡೆ ಹಳೇ ಪೇಪರಿನ ಗೋಡೆ, ಇನ್ನೊಂದು ಕಡೆ ತಿರುಗದ ಫ್ಯಾನುಗಳು, ನಡುವೆ ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು. ಯಾರಾದರೂ ಮುರಿದ ಕೊಡೆ ಎಸೆದರೆ ಕಸದ ಗಾಡಿಗಿಂತ ಮೊದಲು ಮಾವ ಹಾಜರು: “ಇರ್ಲಿ, ಬೇಕಾದೀತು.” ಒಂದು ಸ್ಕ್ರೂ ಕೇಳಿಕೊಂಡು ಹೋದವರನ್ನು “ಇಲ್ಲೇ ಎಲ್ಲೋ ಇದೆ, ಕೂತ್ಕೊಳ್ಳಿ” ಎಂದು ಪೇಪರ್ ಕಟ್ಟಿನ ಮೇಲೆ ಕೂರಿಸಿ, ಕಾಫಿ ಕೊಟ್ಟು, ಒಂದೊಂದು ಫ್ಯಾನಿನ ಜಾತಕವನ್ನೂ ಬಿಚ್ಚುತ್ತ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು. ಕಾಲು ಜಾರಿ ಕುಕ್ಕರುಗಳ ರಾಶಿಯ ಮೇಲೆ ಬಿದ್ದ ದಿನ ಮಾವ ತಾವೇ ತಂಗಿಯ ಮಗಳಿಗೆ ಫೋನ್ ಮಾಡಿ, “ಸ್ವಲ್ಪ ಸಹಾಯ ಮಾಡ್ತೀಯೇನಮ್ಮ?” ಎಂದರು. ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವ ಆಕೆ ಟೊಂಕ ಕಟ್ಟಿ ನಿಂತು, ಗಾಡಿಗಟ್ಟಲೆ ಸಾಮಾನು ಸಾಗಹಾಕಿ, ಉಳಿದದ್ದನ್ನು ಡಬ್ಬಿಗಳಿಗೆ ತುಂಬಿ ಚೀಟಿ ಅಂಟಿಸಿದಳು. ಆ ಮನೆಗೆ ನೆಲವೂ ಇದೆಯೆಂದು ಬೀದಿಗೆ ಗೊತ್ತಾದದ್ದು ಆಗಲೇ. “ಈಗ ಹೇಗಿದೆ ಮಾವ?” ಎಂದು ಆಮೇಲೊಮ್ಮೆ ಕೇಳಿದೆ. “ಚೆನ್ನಾಗಿದೆ,” ಎಂದರು, “ಆದ್ರೆ ಬಂದೋರು ಕೇಳಿದ್ದು ಸಿಕ್ಕಿದ ತಕ್ಷಣ ಎದ್ದು ಹೋಗ್ಬಿಡ್ತಾರೆ.” ನಿನ್ನೆ ಸ್ಕ್ರೂ ಬೇಕೆಂದು ಹೋದೆ. ‘ಸ್ಕ್ರೂ’ ಎಂಬ ಚೀಟಿಯ ಡಬ್ಬಿಯಲ್ಲಿ ಅಂಗಿಯ ಗುಂಡಿಗಳಿದ್ದವು. ‘ಗುಂಡಿ’ ಎಂಬುದರಲ್ಲಿ ಬಲ್ಬುಗಳು. ಆ ಹುಡುಗಿ ಇಂಥ ತಪ್ಪು ಮಾಡುವವಳಲ್ಲ. ಮಾವನ ಬೆರಳಿಗೆ ಮೆತ್ತಿಕೊಂಡಿದ್ದ ಗೋಂದು ಇನ್ನೂ ಒಣಗಿರಲಿಲ್ಲ. “ಇಲ್ಲೇ ಎಲ್ಲೋ ಇದೆ, ಕೂತ್ಕೊಳ್ಳಿ,” ಎಂದು ಅವರು ಕಾಫಿಗೆ ನೀರಿಟ್ಟರು. ನಾನು ಕೂತೆ.