ನೀಲಿ ಹಚ್ಚಿದ ರಕ್ತನಾಳ

ಪಿಯುಸಿ ಮುಗಿಸಿದ ವರ್ಷ ನೀಟ್‌ನಲ್ಲಿ ನನಗೆ ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಓದಿ ಬರೆಯುತ್ತೇನೆಂದು ಹಟ ಹಿಡಿದೆ. ನಮ್ಮೂರು ದುದ್ದದಿಂದ ದಿನಾ ಬಸ್ಸಿನಲ್ಲಿ ಓಡಾಡಿದರೆ ಓದಲು ಹೊತ್ತು ಸಾಲದೆಂದು ಅಪ್ಪ ನನ್ನನ್ನು ಹಾಸನದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಚಿಕ್ಕಮ್ಮ ಅಮ್ಮನ ತಂಗಿ. ಹಜಾರದಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಬೆಳಗ್ಗೆ ನಾನು ಕೋಚಿಂಗ್‌ಗೆ ಹೋಗಿ, ಮಧ್ಯಾಹ್ನ ಬಂದು ಅವಳ ಎದುರಿಗೆ ಕೂತು ಓದುತ್ತಿದ್ದೆ.

ಓದಿದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಒಂದೇ ಪುಟವನ್ನು ನಾಲ್ಕು ಸಲ ಓದಿ ಪುಸ್ತಕ ಮುಚ್ಚಿದರೆ, ಯಾವ ಮೂಲೆಯಲ್ಲಿ ಚಿತ್ರವಿತ್ತು ಅನ್ನುವುದಷ್ಟೇ ನೆನಪಿರುತ್ತಿತ್ತು. ಒಂದು ದಿನ ಅದನ್ನು ಹೇಳಿಕೊಂಡು ಕಣ್ಣೀರು ಹಾಕಿದೆ. ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

"ಚಿತ್ರ ನೆಪ್ಪಿರ್ತದೆ ಅಂದ್ಮೇಲೆ ಎಲ್ಲಾನೂ ಚಿತ್ರ ಮಾಡ್ಕಳವ್ವ. ನಂಗೂ ಅಂಗೇ ಕಣ. ಅಳತೆ ಬರ್ಕಂಡ್ರೆ ಮರ್ತೋಯ್ತದೆ. ಬಟ್ಟೆ ಮ್ಯಾಲೆ ಒಂದ್ಸಲ ಗೆರೆ ಎಳುದ್ರೆ ಮರೆಯಕಿಲ್ಲ."

ಅಟ್ಟದ ಮೇಲಿದ್ದ ಹಳೇ ಕ್ಯಾಲೆಂಡರುಗಳನ್ನೆಲ್ಲ ಇಳಿಸಿ, ಹಾಳೆಗಳ ಹಿಂಬದಿ ಬರೆದುಕೋ ಎಂದು ಕೊಟ್ಟಳು. ಮೂತ್ರಪಿಂಡ, ಎಲೆ, ಕಣ್ಣು, ಹೃದಯ, ಎಲ್ಲ ಒಂದೊಂದಾಗಿ ಹಜಾರದ ಗೋಡೆ ಹತ್ತಿದವು. ಸಂಜೆ ಅವಳು ಒಂದೊಂದನ್ನೂ ಮುಟ್ಟಿ, "ಇದೇನು? ಇಲ್ಲಿಂದ ಎಲ್ಲಿಗೋಯ್ತದೆ?" ಎಂದು ಕೇಳುತ್ತಿದ್ದಳು. ಅವಳಿಗೆ ಹೇಳಿದ್ದು ನನ್ನ ತಲೆಯಲ್ಲೂ ಕೂತಿತು. ಕೋಚಿಂಗ್ ಟೆಸ್ಟುಗಳಲ್ಲಿ ಅಂಕ ಏರತೊಡಗಿತು.

ಹೇಗೆ ಓದುತ್ತೀಯ ಎಂದು ಯಾರಾದರೂ ಕೇಳಿದರೆ ನಾನು ಚಿತ್ರದ ವಿಷಯ ಹೇಳುತ್ತಿರಲಿಲ್ಲ. ಬಣ್ಣ ಹಚ್ಚಿಕೊಂಡು ಕಲಿಯುವುದು ಚಿಕ್ಕಮಕ್ಕಳ ಕೆಲಸ ಅನ್ನಿಸುತ್ತಿತ್ತು. ಆದರೂ ಒಂದು ಭಾನುವಾರ ಅರಕಲಗೂಡಿನವಳೊಬ್ಬಳು, ಚನ್ನರಾಯಪಟ್ಟಣದವಳೊಬ್ಬಳು, ಕೋಚಿಂಗ್‌ನ ಇಬ್ಬರು ಗೆಳತಿಯರು ನೋಟ್ಸ್ ಕೇಳಿಕೊಂಡು ಮನೆಗೇ ಬಂದುಬಿಟ್ಟರು. ಗೋಡೆ ನೋಡಿ ಒಬ್ಬಳು, "ಏನೇ ಇದು, ಅಂಗನವಾಡಿ ಇದ್ದಂಗಿದೆ" ಎಂದು ನಕ್ಕಳು. ನನ್ನ ಮುಖ ಬಿಸಿಯಾಯಿತು.

ಚಿಕ್ಕಮ್ಮನಿಗೆ ಅವರು ಬಂದದ್ದೇ ಖುಷಿ. ಎದ್ದು ಬಂದು ಹೃದಯದ ಚಿತ್ರದ ಮುಂದೆ ನಿಂತಳು.

"ನೆನ್ನೆಯಿಂದ ಕೇಳ್ಬೇಕು ಅಂತಿದ್ದೆ ಕಣೆ. ಗಾಳಿ ತುಂಬ್ಕಂಡಿರೋ ರಕ್ತಕ್ಕೆ ಕೆಂಪು ಹಚ್ಬೇಕು ಅಂತ ನೀನೇ ಅಂದಿದ್ದೆ. ಶ್ವಾಸಕೋಶದಿಂದ ಬರ್ತಿರೋ ಈ ಕೊಳವೆಗೆ ಯಾಕೆ ನೀಲಿ ಹಚ್ಚಿದೀಯ?"

"ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು ನೀನು. ನಂಗೆ ನೀಟ್ ಪಾಠ ಹೇಳ್ಬೇಡ. ಒಳಗೋಗಿ ಕಾಫಿ ಮಾಡು" ಎಂದೆ.

ಗೆಳತಿಯರಿಬ್ಬರೂ ನೆಲ ನೋಡಿದರು. ಚಿಕ್ಕಮ್ಮ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದು ಕೊಟ್ಟಳು. ಆಮೇಲೆ ಅವಳು ಗೋಡೆಯ ಹತ್ತಿರ ಬರಲೇ ಇಲ್ಲ. ಏನನ್ನೂ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದಳು, ಅಷ್ಟೇ.

ಪುಸ್ತಕ ತೆರೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ನಾನು ನೋಡಲಿಲ್ಲ. ಅವಳು ಹೇಳಿದ್ದು ಸರಿ ಇರಬಹುದು ಎಂಬ ಅನುಮಾನ ಆವತ್ತೇ ಬಂದಿತ್ತು; ಅದಕ್ಕೇ ಆ ಪುಟ ತೆರೆಯಲಿಲ್ಲ.

ಪರೀಕ್ಷೆಯಲ್ಲಿ ಅದೇ ನಾಳದ ಪ್ರಶ್ನೆ ಬಂತು. ಕಣ್ಣು ಮುಚ್ಚಿದರೆ ಹಜಾರದ ಗೋಡೆ ಬಂತು, ಗೋಡೆಯ ಮೇಲೆ ನೀಲಿ ಕೊಳವೆ ಬಂತು. ಯೋಚನೆ ಮಾಡಿದ್ದರೆ ಉತ್ತರ ಗೊತ್ತಾಗುತ್ತಿತ್ತು. ಆದರೆ ನನಗೆ ಕಂಡದ್ದನ್ನೇ ನಂಬಿ ಅಭ್ಯಾಸ. ತಪ್ಪು ಉತ್ತರಕ್ಕೆ ಗುರುತು ಹಾಕಿ ಮುಂದೆ ಹೋದೆ. ಆ ಒಂದು ಪ್ರಶ್ನೆಯಿಂದಲೇ ಸೀಟು ಹೋಯಿತು ಎಂದು ಹೇಳಲಾರೆ. ಭೌತಶಾಸ್ತ್ರದಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಂಡಿದ್ದೆ.

ಮರುದಿನ ಉತ್ತರಗಳನ್ನು ತಾಳೆ ನೋಡಿದಾಗ ಆ ಕೊಳವೆ ಕೆಂಪೇ ಇರಬೇಕಿತ್ತೆಂದು ಗೊತ್ತಾಯಿತು. ಚಿಕ್ಕಮ್ಮ ದಾರ ತರಲು ಅಂಗಡಿಗೆ ಹೋಗಿದ್ದಳು. ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕೆಂಪು ಸ್ಕೆಚ್ ಪೆನ್ ತಗೊಂಡು ಆ ನೀಲಿಯ ಮೇಲೆ ತಿದ್ದಿದೆ. ಮೊದಲಿನಿಂದಲೂ ಸರಿಯಾಗಿಯೇ ಇತ್ತು ಅನ್ನುವಂತೆ ಕಾಣಲಿ ಎಂದು. ಬಣ್ಣ ಕೆಂಪಾಗಲಿಲ್ಲ, ಕೊಳೆತ ನೇರಳೆಹಣ್ಣಿನ ಹಾಗಾಯಿತು. ಮತ್ತೆ ಮತ್ತೆ ಉಜ್ಜಿದ್ದಕ್ಕೆ ಹಾಳೆ ತೂತಾಯಿತು. ತಿರುಗಿದರೆ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು.

"ಹೊಸಾ ಹಾಳೆ ಕೇಳಿದ್ರೆ ಕೊಡ್ತಿರ್ನಿಲ್ವಾ?" ಎಂದಳು. ಅಷ್ಟು ಹೇಳಿ ದಾರದ ಉಂಡೆಗಳನ್ನು ಡಬ್ಬಿಗೆ ಹಾಕಿದಳು.

ಮೆಡಿಕಲ್ ಸೀಟು ಸಿಗಲಿಲ್ಲ. ಹಾಸನದಲ್ಲೇ ನರ್ಸಿಂಗ್‌ಗೆ ಸೇರಿ ಹಾಸ್ಟೆಲ್ಲಿಗೆ ಹೋದೆ. ಮೊದಲ ವರ್ಷ ಮುಗಿಯುವವರೆಗೂ ಚಿಕ್ಕಮ್ಮನ ಮನೆಯ ಬೀದಿಗೆ ಕಾಲಿಡಲಿಲ್ಲ. ಕೊನೆಗೊಂದು ರಜೆಯ ದಿನ ಹೋಗಿ, ಮಿಷನ್ ಪಕ್ಕ ನೆಲದ ಮೇಲೆ ಕೂತು, "ಆವತ್ತು ಅವರ ಮುಂದೆ ಅಂಗೆ ಅನ್ಬಾರ್ದಿತ್ತು ಚಿಕ್ಕಮ್ಮ. ತಪ್ಪಾಯ್ತು" ಎಂದೆ.

ಅವಳು ಹೊಲಿಗೆ ನಿಲ್ಲಿಸಿದಳು. "ಅವತ್ತು ಹಾಲು ಕಾಯಿಸ್ತಾ ತುಂಬ ಅತ್ತಿದ್ದೆ ಕಣೆ" ಎಂದಳು.

ಹೋಗಲಿ ಬಿಡು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಎದ್ದು ತಟ್ಟೆ ಹಾಕಿದಳು. ಮುದ್ದೆ, ಅವರೆಕಾಳಿನ ಸಾರು. ಇಬ್ಬರೂ ಉಣ್ಣಲು ಕೂತೆವು. ಅವಳು ಎರಡನೇ ಸಲ ಸಾರು ಬಡಿಸಲು ಬಂದಾಗ ನನಗೆ ತಲೆಯೆತ್ತಿ ನೋಡಲಾಗಲಿಲ್ಲ.