ಫಾರ್ಮ್ಯಾಟ್ ಪಂಡಿತ

ಕಾಶಿಯ ನಮ್ಮ ಮಠದ ಆಫೀಸಿನ ಕಂಪ್ಯೂಟರ್ ಕೆಟ್ಟರೆ ರಿಪೇರಿಗೆಂದು ಭೇಲೂಪುರ ಬಡಾವಣೆಯಿಂದ ಬರುತ್ತಿದ್ದ ಮಹಾಶಯನಿಗೆ ಗೊತ್ತಿದ್ದದ್ದು ಒಂದೇ ಮಂತ್ರ: ‘ಫಾರ್ಮ್ಯಾಟ್ ಮಾರ್ ದೇತೇ ಹೈಂ.’ ಅಂದರೆ, ಇದ್ದದ್ದೆಲ್ಲ ಅಳಿಸಿಬಿಡೋಣ. ಪಾನ್ ಜಗಿಯುತ್ತ, ಮಾನಿಟರಿನ ನೆತ್ತಿ ತಟ್ಟಿ ಹೇಳುತ್ತಿದ್ದ. ನಾಡಿ ಹಿಡಿಯದೆ ಚಟ್ಟ ಕಟ್ಟುವ ವೈದ್ಯ.

ಒಮ್ಮೆ ಹೊಸ ಪ್ರಿಂಟರಿನ ಸಾಫ್ಟ್‌ವೇರ್ ಹಾಕಲು ಹೋದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು.

‘ಭೈಯಾ, ಹಳೇ ಪ್ರಿಂಟರಿನ ಸಾಫ್ಟ್‌ವೇರು, ಅದೇ ಆ ಡ್ರೈವರ್, ಒಳಗೇ ಕೂತು ಜಗಳ ತೆಗೀತಿದೆ. ಅದೊಂದನ್ನ ಕಿತ್ತುಹಾಕಿ ಸಾಕು. ಕಾಶಿವಾಸಕ್ಕೆ ಬಂದು ತೀರಿಹೋದ ನಮ್ಮ ಮಠದ ಅಜ್ಜಿಯರಿಂದ ರೆಕಾರ್ಡ್ ಮಾಡಿಕೊಂಡ ಹಾಡುಗಳೆಲ್ಲ ಇದರಲ್ಲೇ ಇವೆ’ ಅಂದೆ.

ನಾನು ಮಂಗಳಾರತಿ ತಗೊಂಡು ಬರುವಷ್ಟರಲ್ಲಿ ಆ ಹಾಡುಗಳಿಗೆಲ್ಲ ಮಂಗಳ ಹಾಡಿದ್ದ. ಆಮೇಲೆ ತನ್ನ ಪೆನ್‌ಡ್ರೈವ್‌ನಲ್ಲಿದ್ದ ಡ್ರೈವರುಗಳನ್ನೆಲ್ಲ ತುಂಬಿದ, ಹಳೇ ಪ್ರಿಂಟರಿನದನ್ನೂ ಸೇರಿಸಿ. ‘ಇರಲಿ ಬಿಡಿ, ಕೆಲಸಕ್ಕೆ ಬರುತ್ತೆ.’

ಹೊಸ ಸಾಫ್ಟ್‌ವೇರ್ ಮತ್ತೆ ಅದೇ ಜಾಗದಲ್ಲಿ ನಿಂತಿತು. ಮಹಾಶಯ ಮಾನಿಟರಿನ ನೆತ್ತಿ ತಟ್ಟಿದ: ‘ಫಾರ್ಮ್ಯಾಟ್ ಮಾರ್ ದೇತೇ ಹೈಂ.’

ಕಾಶಿಯಲ್ಲಿ ಸತ್ತರೆ ಮರುಜನ್ಮವಿಲ್ಲ ಅನ್ನುತ್ತಾರೆ. ಅಜ್ಜಿಯರ ಹಾಡಿಗೆ ಇರಲಿಲ್ಲ. ಆ ಹಳೇ ಡ್ರೈವರಿಗೆ ಮಾತ್ರ ಇತ್ತು.