ಆತ್ರಿ ಅಂದ ಹುಡುಗಿ

ಧಾರವಾಡದ ಸೀಮೆಯಲ್ಲಿ ‘ಆತು’ ಎಂಬ ಎರಡಕ್ಷರ ಇಲ್ಲದಿದ್ದರೆ ಅರ್ಧ ಸಂಸಾರ ನಿಂತೇ ಹೋಗುತ್ತದೆ. ಊಟ ಮುಗಿದರೂ ಆತು, ಲಗ್ನ ಗೊತ್ತಾದರೂ ಆತು, ಜಗಳ ಸಾಕೆನಿಸಿದರೂ ಆತು. ಕೆಲಸ ಹೇಳಿದರೆ ‘ಆತ್ರಿ’, ಅಂದರೆ ಮಾಡುತ್ತೇನೆ. ಕೆಲಸ ಮುಗಿದ ಮೇಲೂ ‘ಆತ್ರಿ’, ಅಂದರೆ ಮಾಡಿದ್ದೇನೆ. ಈ ಎರಡು ಆತ್ರಿಗಳ ನಡುವೆ ಒಂದು ಗಳಿಗೆ ಇರಬಹುದು, ಒಂದು ವರ್ಷವೂ ಇರಬಹುದು. ನಮ್ಮ ಮಂದಿ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಗರಗದ ಭಾಗ್ಯಶ್ರೀಯೂ ಕೆಡಿಸಿಕೊಂಡಿರಲಿಲ್ಲ, ಈ ಸಲದ ಬೇಸಿಗೆಯ ತನಕ.

ಭಾಗ್ಯಶ್ರೀ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮೂರನೆಯ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಳು. ತಾಯಿ ಚನ್ನಬಸವ್ವ ಊರಿನ ಖಾದಿ ಕೇಂದ್ರದಲ್ಲಿ ನೂಲುವಾಕೆ. ಬೇಸಿಗೆ ರಜೆಗೆ ಮಗಳಿಗೆ ರಾಯಾಪುರದ ಸಣ್ಣ ಕಾರ್ಖಾನೆಯೊಂದರಲ್ಲಿ ಆರು ವಾರದ ಇಂಟರ್ನ್‌ಶಿಪ್ ಸಿಕ್ಕಿತು. ಅಲ್ಲಿ ವಿಮಾನದ ಬಿಡಿಭಾಗ ಮಾಡುತ್ತಾರೆ ಎಂದು ಚನ್ನಬಸವ್ವ ಒಬ್ಬರ ಕಿವಿಗೆ ಹಾಕಿದ್ದೇ ತಡ, ಓಣಿಯ ಹೆಂಗಸರು ದಿನಾ ಸಂಜೆ ಬಸ್ಸಿಳಿದವಳನ್ನು ತಡೆದು, “ಇವತ್ತ ಎಷ್ಟು ಇಮಾನ ಮಾಡಿದ್ಯವಾ?” ಎಂದು ಕೇಳತೊಡಗಿದರು. ಖರೇ ಹೇಳಬೇಕೆಂದರೆ ಅಲ್ಲಿ ರೆಕ್ಕೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಇದ್ದದ್ದು ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಬುಶ್‌ಗಳು, ನಡುವೆ ತೂತಿದ್ದ ತುಂಡುಗಳು. ವಿಮಾನದ ಬಾಗಿಲಿನ ಬಿಜಾಗರಿಯಲ್ಲಿ ಕೂರುವಂಥವು. ಆದರೂ ಅವಳು ಓಣಿಯವರಿಗೆ ನಕ್ಕು, “ಇವತ್ತ ಎರಡ ಆದುವ್ರಿ” ಎನ್ನುತ್ತಿದ್ದಳು.

ಅವಳನ್ನು ಒಪ್ಪಿಸಿದ್ದು ತಪಾಸಣೆಯ ಸಿದ್ಧಾರೂಢ ಕಾಕಾನ ಕೈಗೆ. ಐವತ್ತೊಂಬತ್ತರ ಮನುಷ್ಯ, ಇಪ್ಪತ್ತೆರಡು ವರ್ಷದಿಂದ ಅದೇ ಮೇಜು. ಆ ಕಾರ್ಖಾನೆಯಲ್ಲಿ ತಪಾಸಣೆ ಮಾಡುವ ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಶಿಕ್ಕಾ, ಅಂದರೆ ಮುದ್ರೆ. ಮಾಲಿನ ಚೀಟಿಯ ಮೇಲೆ ಆ ಶಿಕ್ಕಾ ಬಿತ್ತೆಂದರೆ ಆ ಮಾಲಿಗೆ ಆ ಮನುಷ್ಯ ಜವಾಬುದಾರ. ಕಾಕಾನದು ಏಳು. ಅದನ್ನು ಚಾಳೀಸಿನ, ಅಂದರೆ ಕನ್ನಡಕದ, ಹಳೆಯ ಡಬ್ಬಿಯಲ್ಲಿಟ್ಟು ಅಂಗಿಯ ಕಿಸೆಯಲ್ಲೇ ಇಟ್ಟುಕೊಳ್ಳುತ್ತಿದ್ದರು.

“ಈ ಏಳು ಅಂದ್ರ ನಾನಽ ತಂಗಿ. ನಾಳೆ ನಾ ಇರದಿದ್ರೂ ಕಾಗದದ ಮ್ಯಾಲ ಏಳು ಇರತೈತಿ” ಎಂದಿದ್ದರು ಮೊದಲ ದಿನವೇ.

ಗೇಜು ಹಿಡಿಯುವುದನ್ನು ಕಲಿಸಿದ್ದೂ ಅವರೇ. ಗೇಜು ಎಂದರೆ ಎರಡು ತುದಿಯ ಒಂದು ಕಡ್ಡಿ. ಒಂದು ತುದಿ ಬುಶ್ಶಿನ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗದೆ ನಿಲ್ಲಬೇಕು. ಹಾಗಾದರೆ ತುಂಡು ಪಾಸು. “ಜೋರ ಮಾಡಿ ತುರಕಬ್ಯಾಡ. ಹೋಗೂದಿದ್ರ ತಾನಽ ಹೋಗತೈತಿ. ಕೈಗೆ ತಿಳೀತೈತಿ” ಎನ್ನುತ್ತಿದ್ದರು. ನಾಲ್ಕು ವಾರದಲ್ಲಿ ಅವಳ ಕೈಗೂ ತಿಳಿಯತೊಡಗಿತ್ತು. ಮ್ಯಾನೇಜರ್ ಮಂದಾಕಿನಿ ಮೇಡಂ ಒಂದು ಮಧ್ಯಾಹ್ನ ಬಂದು ನಿಂತು ನೋಡಿ, “ಸಿದ್ಧಾರೂಢ, ಹುಡುಗಿ ಛಲೋ ತಯಾರಾಗ್ಯಾಳ” ಎಂದು ಹೋದರು. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಕೆಟ್ಟದ್ದು ಅದೇ ದಿನ ಸಂಜೆ.

ಹಳದಿ ತಾಟಿನಲ್ಲಿ ನಲವತ್ತು ಬುಶ್ ಬಂದಿದ್ದವು. ಒಂದೊಂದನ್ನೇ ನೋಡಿ ಹಸಿರು ತಾಟಿಗೆ ಹಾಕಬೇಕು. ಹನ್ನೊಂದು ಬುಶ್ ಆಗಿದ್ದಾಗ ಮಷೀನಿನವರು ಬಂದು ಹಳದಿ ತಾಟು ಬೇಕೆಂದರು. ಅವಳು ಉಳಿದ ಇಪ್ಪತ್ತೊಂಬತ್ತನ್ನೂ ಹಸಿರು ತಾಟಿಗೇ ಸುರಿದುಕೊಂಡು, ಬೆರೆಯದಿರಲೆಂದು ನಡುವೆ ಒಂದು ಖಾದಿ ತುಂಡನ್ನು ಮಡಚಿ ಅಡ್ಡ ಇಟ್ಟಳು. ಊಟದ ಡಬ್ಬಿ ಕಟ್ಟಲೆಂದು ಅವ್ವ ಕೊಟ್ಟಿದ್ದ ತುಂಡು ಅದು.

ಅಷ್ಟರಲ್ಲಿ ಕಾಕಾ ಆ ಕಡೆಯ ಬಾಗಿಲಿನಿಂದ ಕೂಗಿದರು. “ಭಾಗ್ಯಶ್ರೀ, ಆ ನಲವತ್ತೂ ಇವತ್ತಿನ ಗಾಡಿಗೆ ಹೋಗಬೇಕು. ಆತ?”

“ಆತ್ರಿ!” ಎಂದಳು ಇವಳು. ಮಾಡುತ್ತೇನೆ ಎಂಬ ಆತ್ರಿ.

ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಕಾಕಾ ಮೇಜಿನ ಹತ್ತಿರ ಇದ್ದರು. ಮಾಡಿದ್ದೇನೆ ಎಂಬ ಆತ್ರಿ ಅವರ ಕಿವಿಗೆ ಬಿದ್ದಿತ್ತು. ತಾಟು ಹಸಿರು, ತುಂಡು ನಲವತ್ತು. ಒರೆಸುವ ಅರಿವೆ ಇರಬೇಕೆಂದು ಖಾದಿಯನ್ನು ತೆಗೆದು ಬದಿಗಿಟ್ಟರು. ಮೇಲಿನ ನಾಲ್ಕು ಬುಶ್‌ಗಳಿಗೆ ತಾವೂ ಗೇಜು ಹಾಕಿ ನೋಡಿದರು, ಸರಿ ಇದ್ದವು. ಚೀಟಿಯ ಮೇಲೆ ಏಳನೆಯ ನಂಬರು ಬಿತ್ತು.

ಭಾಗ್ಯಶ್ರೀ ಹತ್ತು ಹೆಜ್ಜೆ ದೂರದಲ್ಲಿ ನಿಂತು ಇದನ್ನೆಲ್ಲ ನೋಡಿದಳು. ‘ಹನ್ನೊಂದಽ ಆಗ್ಯಾವ್ರಿ ಕಾಕಾ’ ಎಂದಿದ್ದರೆ ಮುಗಿದಿತ್ತು. ಮಧ್ಯಾಹ್ನದ ಹೊಗಳಿಕೆ ನಾಲಿಗೆಯನ್ನು ಹಿಡಿಯಿತು. ಗರಗದ ಬಸ್ಸಿಗೆ ಹೊತ್ತಾಗಿತ್ತು, ಅದೂ ಒಂದು ನೆಪ. ಹನ್ನೊಂದು ಸರಿ ಮಾಡಿದ ಮಷೀನು ಉಳಿದದ್ದನ್ನು ಯಾಕೆ ಕೆಡಿಸೀತು ಎಂದು ತನಗೆ ತಾನೇ ಹೇಳಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಗಾದೆ ಕಟ್ಟಿದ್ದಾರೆ. ಆಡದೆ ನುಂಗಿದ ಮಾತಿಗೂ ಒಂದು ಕಟ್ಟಬೇಕಿತ್ತು.

ಒಂಬತ್ತನೆಯ ದಿನ ಮಾಲು ವಾಪಸು ಬಂತು. ನಲವತ್ತರಲ್ಲಿ ಮೂರು ಬುಶ್ಶಿನ ತೂತು ಕೂದಲೆಳೆಯಷ್ಟು ದೊಡ್ಡದು. ಪುಣ್ಯಕ್ಕೆ ಅವು ವಿಮಾನದ ತನಕ ಹೋಗಿರಲಿಲ್ಲ, ಗಿರಾಕಿ ಕಂಪನಿಯವರ ತಪಾಸಣೆಯಲ್ಲೇ ಸಿಕ್ಕಿಬಿದ್ದಿದ್ದವು. ಮಂದಾಕಿನಿ ಮೇಡಂ ಇಬ್ಬರನ್ನೂ ಕರೆದು ನಿಲ್ಲಿಸಿದರು.

“ಶಿಕ್ಕಾ ನಂದೈತ್ರಿ, ತಪ್ಪೂ ನಂದಽ. ಕೂಸು ಇನ್ನೂ ಕಲಿಯಾಕತ್ತೈತಿ, ಅದನ್ನ ಕೇಳಬ್ಯಾಡ್ರಿ” ಎಂದರು ಕಾಕಾ.

ಮೇಡಂ ಆದರೂ ಕೇಳಿದರು. ಭಾಗ್ಯಶ್ರೀ ನೆಲ ನೋಡುತ್ತ, “ಕಾಕಾ ಹೇಳಿದಷ್ಟು ಮಾಡೇನ್ರಿ” ಎಂದಳು. ಸುಳ್ಳನ್ನು ಎಷ್ಟು ಶುಚಿಯಾಗಿ ಹೇಳಬಹುದು ನೋಡಿ! ಶಿಕ್ಕಾ ಮೇಡಂ ಅವರ ಡ್ರಾವರ್ ಸೇರಿತು, ಕೀಲಿ ಬಿತ್ತು. ಕಾಕಾನನ್ನು ಪ್ಯಾಕಿಂಗ್ ಕೋಣೆಗೆ ಹಾಕಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಬಾಳು. ಯಾರಾದರೂ ‘ಏಳು’ ಎಂದರೆ ಬೆಚ್ಚುತ್ತಿದ್ದಳು, ಬಸ್ಸಿನ ಕಂಡಕ್ಟರ್ ಅಂದರೂ ಸರಿ. ಓಣಿಯವರು ಇಮಾನದ ಸುದ್ದಿ ತೆಗೆದರೆ ತಲೆನೋವೆಂದು ಒಳಗೆ ಹೋಗುತ್ತಿದ್ದಳು. ತನ್ನ ಬಗ್ಗೆ ಅವಳಿಗೆ ಹೇಸಿಗೆ ಬಂದಿತ್ತು, ಬಾಯಿ ಮಾತ್ರ ಬಂದಿರಲಿಲ್ಲ.

ಆರನೆಯ ವಾರದ ಗುರುವಾರ ಪ್ಯಾಕಿಂಗ್ ಕೋಣೆಯ ಮುಂದೆ ಹಾಯುವಾಗ ಕಾಕಾ ಕರೆದರು. ಕೈಯಲ್ಲಿ ಒಗೆದು ಮಡಿಕೆ ಮಾಡಿದ ಖಾದಿ ತುಂಡು.

“ನಿಂದಲ್ಲೇನು ಇದು? ಆವತ್ತ ತಾಟಿನ್ಯಾಗ ಸಿಕ್ಕಿತ್ತು. ನೂಲು ಭಾಳ ಛಲೋ ಐತಿ, ಎಣ್ಣಿ ಹತ್ತಿ ಹಾಳಾಗತೈತಿ ಅಂತ ಮನ್ಯಾಗ ಒಗಿಸಿ ತಂದೇನಿ.”

ಅವಳು ಕೈ ಚಾಚಲಿಲ್ಲ. “ಕಾಕಾ, ಅದು ಒರಸೂ ಅರಿವಿ ಅಲ್ರಿ” ಎಂದಳು. “ಅದರ ಈಚಿ ಕಡೆ ಹನ್ನೊಂದು ನೋಡಿದ್ವು. ಆಚಿ ಕಡೆ ಇಪ್ಪತ್ತೊಂಬತ್ತು ನಾ ನೋಡಿಲ್ರಿ. ನೀವು ಶಿಕ್ಕಾ ಹೊಡಿಯೂದು ನೋಡಿಕೋತ ನಿಂತಿದ್ದೆ.”

ಕಾಕಾ ಸ್ಟೂಲಿನ ಮೇಲೆ ಕುಳಿತರು. ಬಹಳ ಹೊತ್ತು ಖಾದಿಯ ಅಂಚನ್ನು ಬೆರಳಿನಿಂದ ಸವರಿದರು.

“ನಾ ನನ್ನ ಕೈ ಹೋತು ಅಂತ ತಿಳದಿದ್ದೆ” ಎಂದರು. “ನಾಲ್ಕು ನೋಡಿದ್ದೆ, ಆ ನಾಲ್ಕರಾಗಽ ಕೆಟ್ಟದ್ದು ಇದ್ದೀತು, ನನಗ ತಿಳೀಲಿಲ್ಲ ಅಂತ. ಮನ್ಯಾಗ ಕುಂತು ಬಳಿ, ಉಂಗುರ ಎಲ್ಲಾ ಮುಟ್ಟಿ ಮುಟ್ಟಿ ನೋಡೇನಿ. ನನ್ನ ಹೇಣ್ತಿ ಹುಚ್ಚು ಹಿಡೀತೇನು ಅಂದ್ಲು. ಶನಿವಾರ ಕೊಡಾಕಂತ ರಾಜೀನಾಮೆ ಬರದ ಕಿಸೇದಾಗ ಇಟ್ಟೇನಿ.”

ಚಾಳೀಸಿನ ಡಬ್ಬಿ ಇರುತ್ತಿದ್ದ ಕಿಸೆ ಅದು. ಭಾಗ್ಯಶ್ರೀ ಅತ್ತಳು. ಅವರು ಸಮಾಧಾನ ಮಾಡಲಿಲ್ಲ.

“ಮೇಡಂ ಅವರಿಗೆ ಹೇಳತೀಯೇನು?”

“ಆತ್ರಿ.”

“ಆತ್ರಿ ಅನಬ್ಯಾಡ!” ಕಾಕಾನ ದನಿ ಮೊದಲ ಸಲ ಏರಿತು. “ಹೇಳತೇನಿ ಅನ, ಇಲ್ಲಾ ಹೇಳೇನಿ ಅನ. ನಡುವಿಂದು ಬ್ಯಾಡ.”

“ಹೇಳತೇನ್ರಿ” ಎಂದಳು. ಹೋಗಿ ಹೇಳಿದಳು.

ಮೇಡಂ ಬೈಯಲಿಲ್ಲ. ನಡೆದದ್ದನ್ನು ಅವಳ ಕೈಯಿಂದಲೇ ಬರೆಸಿ ಸಹಿ ಮಾಡಿಸಿಕೊಂಡರು. “ಆವತ್ತ ಹೇಳಿದ್ರ ಗಾಡಿ ಗೇಟಿನ್ಯಾಗ ನಿಂದರತಿತ್ತು” ಎಂದಷ್ಟೇ ಅಂದರು. ಹಾಜರಾತಿಯ ಸರ್ಟಿಫಿಕೇಟು ಕೊಟ್ಟರು, ಶಿಫಾರಸಿನ ಪತ್ರ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಶಿಕ್ಕಾ ಕೂಡ ತಕ್ಷಣ ಹೊರಗೆ ಬರಲಿಲ್ಲ. ಕಾಕಾ ಎಲ್ಲವನ್ನೂ ನೋಡದೆ ಹೊಡೆದದ್ದಂತೂ ಖರೇ, ಗಿರಾಕಿಯವರು ಕಾಗದ ಓದಿ ಒಪ್ಪಬೇಕು. ಒಪ್ಪುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಅವಳ ಕಡೆಯ ದಿನ. ಕಾಕಾ ರಾಜೀನಾಮೆ ಕೊಡಲಿಲ್ಲ, ಸುಮ್ಮನೆ ಪೆಟ್ಟಿಗೆ ಕಟ್ಟುತ್ತಿದ್ದರು. ಅವಳು ಕಾಲು ಮುಟ್ಟಿ ನಮಸ್ಕರಿಸಿ ಬಾಗಿಲು ದಾಟುವಾಗ ತಲೆಯೆತ್ತದೆ, “ಊರ ಮುಟ್ಟಿದ ಮ್ಯಾಲ ಒಂದ ಫೋನ್ ಮಾಡು” ಎಂದರು. ಆತ್ರಿ ಎಂಬುದು ತುಟಿಯ ತನಕ ಬಂದಿತ್ತು. ನುಂಗಿಕೊಂಡು, “ಮಾಡತೇನ್ರಿ” ಎಂದಳು.

ಗರಗದಲ್ಲಿ ಬಸ್ಸಿಳಿದು ನಿಂತಲ್ಲೇ ಫೋನ್ ಹಚ್ಚಿದಳು. “ಮುಟ್ಟೇನ್ರಿ ಕಾಕಾ.”

“ಆತವಾ” ಎಂದು ಕಾಕಾ ಫೋನ್ ಇಟ್ಟುಬಿಟ್ಟರು.

ಊರು ಮುಟ್ಟಿದ್ದು ತಿಳಿಯಿತು ಎಂಬ ಆತೋ, ಶಿಕ್ಕಾದ ಸುದ್ದಿ ಅಲ್ಲಿಗೆ ಮುಗಿಯಿತು ಎಂಬ ಆತೋ? ತಿರುಗಿ ಫೋನ್ ಮಾಡಿ ಕೇಳಬಹುದಿತ್ತು. ಭಾಗ್ಯಶ್ರೀಗೆ ಧೈರ್ಯ ಸಾಲಲಿಲ್ಲ, ಇನ್ನೂ ಸಾಲಿಲ್ಲ.